ಹುಟ್ಟು ಮೊಂಡುಮೂಗು, ಕೊಯ್ದ ಮೊಂಡುಮೂಗು

ಕೈಯಲ್ಲಿರುವ ಕೆಲಸ ಒಂದಿಷ್ಟು ಪಕ್ಕಕ್ಕಿಡಿ. ಒಲೆಯ ಮೇಲೆ ಹಾಲಿದ್ದರೆ ಇಳಿಸಿ ಬನ್ನಿ. ಈ ವಾರದ ಕಥೆಯನ್ನು ಅರ್ಧಕ್ಕೆ ಬಿಟ್ಟು ಎದ್ದರೆ ನನ್ನನ್ನು ದಡ್ಡಿ ಎಂದೋ ಕಟುಕಿ ಎಂದೋ ತೀರ್ಮಾನಿಸಿಬಿಡುತ್ತೀರಿ. ಪೂರ್ತಿ ಕೇಳಿ, ಆಮೇಲೆ ಬೇಕಾದ್ದು ಅನ್ನಿ.

“ಇಷ್ಟುದ್ದ,” ಎಂದಳು ಹ್ಯಾರಿಯೆಟ್, ಹಲಗೆಯ ಮೇಲಿದ್ದ ಸಾಸೇಜಿನಿಂದ ಒಂದು ತುಂಡು ಕತ್ತರಿಸಿ ನನ್ನ ಮೂಗಿನ ಮುಂದೆ ಹಿಡಿದು. “ಇದಕ್ಕಿಂತ ಒಂದು ಕೂದಲೂ ಜಾಸ್ತಿ ಇರ್ಲಿಲ್ಲ ಕಣೇ ಲೋರಿ. ಮೋಟು. ಡಿಟೆಕ್ಟಿವ್ ಬಂದೂಕು.”

“ಡಿಟೆಕ್ಟಿವ್ ಬಂದೂಕು ಅಂತ ನಿಂಗೆ ಹೇಗೆ ಗೊತ್ತಾಯ್ತು?”

“ಅಯ್ಯೋ ಇವಳಾ! ಮೋಟಾಗಿತ್ತು ಅಂದ್ನಲ್ಲ!”

ಈಸ್ಟರ್ ಹಿಂದಿನ ಶನಿವಾರದ ಬೆಳಿಗ್ಗೆ, ಹ್ಯಾರಿಯೆಟ್‌ಳ ಹೆಂಡದಂಗಡಿಯಲ್ಲಿ. ಗುರುವಾರ ಸಂಜೆ ಇದೇ ಹೆಂಡದಂಗಡಿಯ ಹಿಂದಿನ ಓಣಿಯಲ್ಲಿ ಅವಳ ಗಂಡ ಬ್ರೂನೋ ಗಾಲ್ಕಾ ಬೆನ್ನು ಹಾಕಿ ಬಗ್ಗಿ ಬಿಯರ್ ಪೀಪಾಯಿ ಉರುಳಿಸುತ್ತಿದ್ದಾಗ ಯಾರೋ ಎರಡು ಗುಂಡು ಹಾರಿಸಿದ್ದರು. ಒಂದು ಅವನ ತೊಡೆಗೆ, ಇನ್ನೊಂದು ಹಳೆಯ ಐಸ್‌ಪೆಟ್ಟಿಗೆಯ ಮರದ ಬಾಗಿಲಿಗೆ. ಬ್ರೂನೋ ಬದುಕಿದ್ದಾನೆ. ಆಸ್ಪತ್ರೆಯ ಸೂಪು ಸಪ್ಪೆ ಎಂದು ನರ್ಸುಗಳ ಮೇಲೆ ರೇಗುವಷ್ಟು ಚೆನ್ನಾಗಿಯೇ ಬದುಕಿದ್ದಾನೆ. ಆದರೆ ಅವನು ಯಾರನ್ನೂ ನೋಡಿಲ್ಲ.

ನೋಡಿದವಳು ಹ್ಯಾರಿಯೆಟ್ ಒಬ್ಬಳೇ. ಅದೂ ನೆಲಮಾಳಿಗೆಯ ಮೆಟ್ಟಿಲಿನಿಂದ, ಅರ್ಧ ತೆರೆದ ಬಾಗಿಲ ಸಂದಿಯಲ್ಲಿ: ದೊಡ್ಡ ಕರಿ ಕೋಟಿನ ತೋಳು, ಅದರ ತುದಿಯಲ್ಲಿ ಮೋಟು ರಿವಾಲ್ವರ್. ಅಷ್ಟೇ.

ಅಮೆರಿಕದ ಬಫಲೋ ಊರಿನ ಪೂರ್ವ ಭಾಗದ ನಮ್ಮ ಪೋಲಿಷ್ ಜನಕ್ಕೆ ಅಷ್ಟು ಸಾಕು. ಯೂನಿಫಾರ್ಮಿನ ಪೊಲೀಸ್ ಸೊಂಟದ ಪಟ್ಟಿಯಲ್ಲಿ ನಾಲ್ಕಿಂಚಿನ ಉದ್ದ ಕೊಳವೆಯ ರಿವಾಲ್ವರ್ ಹೊರುತ್ತಾನೆ. ಡಿಟೆಕ್ಟಿವ್ ಆದ ದಿನ ಹಿರಿಯರೊಬ್ಬರು ಎರಡಿಂಚಿನ ಮೋಟು ಕೊಳವೆಯದನ್ನು, ಅಂದರೆ ಮೊಂಡುಮೂಗನ್ನು, ಕೈಗಿಡುತ್ತಾರೆ. ಅದು ಕೋಟಿನೊಳಗೆ ಅಡಗುತ್ತದೆ. ಹೆಂಗಸರಿಗೆ ಮದುವೆಯ ಉಂಗುರ ಹೇಗೋ ಇವರಿಗೆ ಅದು ಹಾಗೆ. ಚರ್ಚಿನಲ್ಲಿ ಯಾರ ಕೋಟು ಎಡಗಡೆ ಚೂರು ಉಬ್ಬಿದೆ ಎಂದು ನೋಡಿಯೇ ಅಜ್ಜಿಯರು ಬಡ್ತಿಯ ಸುದ್ದಿ ಹೇಳುತ್ತಾರೆ. ಮೋಟು ಎಂದರೆ ಡಿಟೆಕ್ಟಿವ್. ಡಿಟೆಕ್ಟಿವ್ ಎಂದರೆ ಮೋಟು.

ಮತ್ತೆ, ಈ ಬೀದಿಯಲ್ಲಿ ಬ್ರೂನೋ ಮೇಲೆ ಹಲ್ಲು ಮಸೆಯುತ್ತಿದ್ದ ಡಿಟೆಕ್ಟಿವ್ ಒಬ್ಬನೇ. ನಿವೃತ್ತನಾದ ಜಿಗ್ಗಿ ಓಲೆಶೆಕ್. ನನ್ನ ಚಿಕ್ಕಮ್ಮ ಕ್ಲಾರಾಳ ಗಂಡ. ಚಿಕ್ಕಪ್ಪನಾದರೂ ನನಗೆ ಜಿಗ್ಗಿ ಮಾಮ. ಕ್ಲಾರಾ ಸತ್ತ ಮೇಲೆ ಬ್ರೂನೋ ಅವಳ ಖಾರಮೂಲಂಗಿ ಚಟ್ನಿಯನ್ನು ತನ್ನ ಅಮ್ಮನ ಕೈರುಚಿ ಎಂದು ಬಾಟಲಿಗೆ ಹಾಕಿ ಮಾರತೊಡಗಿದ್ದ. ಹೋದ ತಿಂಗಳು ಶುಕ್ರವಾರದ ಮೀನೂಟದ ದಿನ, ಅಂಗಡಿ ತುಂಬ ಜನ ಇರುವಾಗ ಜಿಗ್ಗಿ ಮಾಮ ಕೂಗಿದ್ದು ಎಲ್ಲರಿಗೂ ಬಾಯಿಪಾಠ: “ಬ್ರೂನೋ, ನಿನ್ನ ಪೀಪಾಯಿಗಲ್ಲ ಕಣೋ, ನಿಂಗೇ ಒಂದು ತೂತು ಹಾಕ್ತೀನಿ!”

ನನ್ನ ಮೇಲಧಿಕಾರಿ, ಪೊಲೀಸ್ ಕ್ಯಾಪ್ಟನ್ ಕಾನರ್ಟಿ ಒಳ್ಳೆಯವರು. ಈ ಮಧ್ಯಾಹ್ನ ಚರ್ಚಿನಲ್ಲಿ ಈಸ್ಟರ್ ಹಬ್ಬದೂಟದ ಬುಟ್ಟಿಗಳಿಗೆ ಆಶೀರ್ವಾದ ಆಗುವವರೆಗೆ ಮುದುಕನನ್ನು ಮುಟ್ಟುವುದಿಲ್ಲ ಎಂದಿದ್ದರು. ಆಮೇಲೆ ಬಂಧನ.

ಅಂದರೆ ನನಗೆ ಉಳಿದದ್ದು ಅರ್ಧ ಬೆಳಗು ಮಾತ್ರ.

“ಹ್ಯಾರಿಯೆಟ್, ಈ ತುಂಡನ್ನ ಎಲ್ಲಿಂದ ಎಲ್ಲಿಗೆ ಅಳೆದೆ? ಹಿಡಿಯಿಂದನಾ?”

“ಹಿಡಿ ಅವನ ಮುಷ್ಟಿಯೊಳಗಿತ್ತಲ್ಲ, ಅದನ್ನ ಹೇಗೆ ಅಳೀಲಿ? ಗುಂಡು ತುಂಬೋ ಉರುಟು ಇದೆಯಲ್ಲ, ಅದರ ಮುಂದಕ್ಕೆ ಇಷ್ಟು.”

ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ನಮ್ಮ ಸ್ಟೇಷನ್ನಿನ ಅರ್ಧ ಜನಕ್ಕೆ ಇದು ತಿಳಿಯದು. ರಿವಾಲ್ವರಿನ ಕೊಳವೆ ಅಳೆಯುವುದು ಉರುಟಿನ ಮುಂದಿನಿಂದ ಬಾಯಿಯ ತನಕ ಮಾತ್ರ. ಉರುಟನ್ನು ಸೇರಿಸಿದರೆ ಮೊಂಡುಮೂಗೂ ಉದ್ದಮೂಗಾಗಿಬಿಡುತ್ತದೆ. ಎರಡಿಂಚಿದ್ದರೆ ಮೊಂಡುಮೂಗು ಎನ್ನಲು ಯಾರೂ ತಕರಾರು ಮಾಡುವುದಿಲ್ಲ. ಎರಡೂವರೆಗೆ ತಲೆ ಆಡಿಸುತ್ತಾರೆ. ಮೂರು ಎಂದರೆ ಜಗಳ ಶುರು. ಹ್ಯಾರಿಯೆಟ್‌ಳ ಸಾಸೇಜು ಎರಡಿಂಚೇ ಇತ್ತು.

“ಸರಿ. ಮೂಗಿನ ತುದಿ ಮೇಲೆ ಏನಿತ್ತು?”

“ಏನಿರಬೇಕಿತ್ತು? ನೊಣ ಕೂತಿರಬೇಕಿತ್ತಾ?”

“ಚಿಕ್ಕ ಏಣು. ಮೀನಿನ ಬೆನ್ನ ಮೇಲೆ ಇರತ್ತಲ್ಲ, ಹಾಗೆ. ಗುರಿ ಹಿಡಿಯೋಕೆ.”

ಹ್ಯಾರಿಯೆಟ್ ಚಾಕು ಕೆಳಗಿಟ್ಟು ಕಣ್ಣು ಮುಚ್ಚಿದಳು. ತುಟಿ ಅಲ್ಲಾಡಿತು.

“ಇಲ್ಲ. ಏನೂ ಇರ್ಲಿಲ್ಲ. ನೋಡು, ಹೀಗಿತ್ತು.” ತುಂಡನ್ನು ತಿರುಗಿಸಿ ಕತ್ತರಿಸಿದ ಬದಿ ತೋರಿಸಿದಳು. “ಚಪ್ಪಟೆ. ಯಾರೋ ಕುಯ್ದು ಎಸೆದ ಹಾಗೆ. ತುಸು ಓರೆ ಬೇರೆ.”

ಓಣಿಗೆ ಓಡಿದೆ. ಐಸ್‌ಪೆಟ್ಟಿಗೆಯ ಬಾಗಿಲನ್ನು ಮೊದಲೂ ನೋಡಿದ್ದೆ. ಗುಂಡು ಒಳಗಿನ ಕಬ್ಬಿಣಕ್ಕೆ ಬಡಿದು ರೊಟ್ಟಿಯಂತೆ ಚಪ್ಪಟೆಯಾಗಿದ್ದರಿಂದ ಯಾರೂ ತೂತಿನ ಕಡೆ ಗಮನ ಕೊಟ್ಟಿರಲಿಲ್ಲ. ಈಗ ಬೆರಳಿಟ್ಟೆ. ತೂತು ದುಂಡಗಿರಲಿಲ್ಲ. ಉದ್ದುದ್ದ, ಬೀಗದ ಕಂಡಿಯಂತಿತ್ತು.

ನೆಟ್ಟಗೆ ಬಂದ ಗುಂಡು ದುಂಡು ತೂತು ಮಾಡುತ್ತದೆ. ಇದು ಅಡ್ಡ ಬಿದ್ದು ಬಂದ ಗುಂಡು. ಕೊಳವೆಯ ಬಾಯಿ ಓರೆಯಾಗಿದ್ದು ಗರಗಸ ಎಬ್ಬಿಸಿದ ಲೋಹದ ಚೂರು ಅಂಚಿನಲ್ಲಿ ಉಳಿದಿದ್ದರೆ, ಗುಂಡು ಹೊಸಿಲು ದಾಟುವಾಗಲೇ ಎಡವುತ್ತದೆ.

ಕಾರ್ಖಾನೆಯಲ್ಲಿ ಹುಟ್ಟಿದ ಮೊಂಡುಮೂಗಲ್ಲ ಇದು. ಯಾರೋ ನಾಲ್ಕಿಂಚಿನದನ್ನು ಮನೆಯಲ್ಲೇ ಗರಗಸದಿಂದ ಕೊಯ್ದು ಮೋಟು ಮಾಡಿದ್ದಾರೆ!

“ಹ್ಯಾರಿಯೆಟ್, ಆ ಸಾಸೇಜ್ ತುಂಡು ನಂಗೆ ಬೇಕು.”

“ಸಾಕ್ಷಿಗಾ?”

“ಹೂಂ.”

“ತಿನ್ನೋದು ನಾಳೆ ಬೆಳಿಗ್ಗೆ ಮೇಲೇ ಕಣೇ. ಉಪವಾಸ ಮುರೀಬೇಡ.”

*

ಜಿಗ್ಗಿ ಮಾಮನ ಅಡುಗೆಮನೆಯಲ್ಲಿ ಈರುಳ್ಳಿ ಸಿಪ್ಪೆ ಕುದಿಯುವ ವಾಸನೆ. ಅದರಲ್ಲಿ ಈಸ್ಟರ್ ಮೊಟ್ಟೆಗೆ ಕಂದು ಬಣ್ಣ ಕಟ್ಟುವುದು ಕ್ಲಾರಾ ಚಿಕ್ಕಮ್ಮನ ಕ್ರಮ. ಮಾಮ ಅವಳದೇ ಹೂಹೂವಿನ ಏಪ್ರನ್ ಕಟ್ಟಿಕೊಂಡು, ಚಮಚದಲ್ಲಿ ಮೊಟ್ಟೆ ತಿರುಗಿಸುತ್ತಿದ್ದ. ಆರಡಿ ಆಳು, ನೆತ್ತಿ ದೀಪಕ್ಕೆ ತಾಗುತ್ತದೆ.

“ಬಂದ್ಯಾ? ಕೈಕೋಳ ತಂದ್ಯಾ ಅಥವಾ ಬೆಣ್ಣೆ ತಂದ್ಯಾ?”

“ಮಾಮ, ನಿನ್ನ ರಿವಾಲ್ವರ್ ಕೊಡು.”

“ಬೆಣ್ಣೆ ತಂದಿಲ್ಲ ಅಂತಾಯ್ತು.”

“ತಮಾಷೆ ಸಾಕು. ನಿನ್ನೆ ಕ್ಯಾಪ್ಟನ್ ಕೇಳಿದ್ರೂ ಕೊಡಲಿಲ್ಲ ಅಂತೆ. ಯಾಕೆ?”

“ಅವನು ‘ದಯವಿಟ್ಟು’ ಅನ್ನಲಿಲ್ಲ.”

“ದಯವಿಟ್ಟು.”

“ನೀನು ಅಂದ್ರೂ ಇಲ್ಲ.” ಅವನು ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. “ಕ್ಲಾರಾ ಇದ್ದಿದ್ರೆ ಇನ್ನೂ ಒಂದು ಸುತ್ತು ಬೇಯಿಸು ಅಂತಿದ್ಳು.”

ನಾನು ಸಾಸೇಜ್ ತುಂಡನ್ನು ಮೇಜಿನ ಮೇಲಿಟ್ಟೆ. ಕತ್ತರಿಸಿದ ಬದಿ ಅವನ ಕಡೆಗೆ.

“ಹ್ಯಾರಿಯೆಟ್ ನೋಡಿದ ಬಂದೂಕಿನ ಮೂಗು ಹೀಗಿತ್ತಂತೆ. ಏಣಿಲ್ಲ. ಚಪ್ಪಟೆ. ಬಾಗಿಲಲ್ಲಿರೋ ತೂತು ಬೀಗದ ಕಂಡಿ ಥರ ಇದೆ. ಮಾಮ, ಅದು ಕೊಯ್ದದ್ದು. ನಿನ್ನದು ಹುಟ್ಟು ಮೊಂಡುಮೂಗು ಅಂತ ನಂಗೆ ಗೊತ್ತು. ಚಿಕ್ಕವಳಿದ್ದಾಗ ಅದನ್ನ ನೀನೇ ಖಾಲಿ ಮಾಡಿ ನನ್ನ ಕೈಗೆ ಕೊಟ್ಟಿದ್ದಿ. ಆ ಏಣು ನನ್ನ ಬೆರಳಿಗೆ ಚುಚ್ಚಿತ್ತು. ಅದನ್ನ ಒಂದ್ಸಲ ತೋರಿಸಿಬಿಟ್ರೆ ನೀನು ಬಚಾವು!”

ನಾನಂದುಕೊಂಡದ್ದು: ಮಾಮ ನಗುತ್ತಾನೆ, ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸುತ್ತಾನೆ.

ಚಮಚದಿಂದ ಮೊಟ್ಟೆ ಜಾರಿ ನೆಲಕ್ಕೆ ಬಿತ್ತು. ಅವನು ಅದನ್ನು ನೋಡಲೂ ಇಲ್ಲ.

“ಇದನ್ನ ಯಾರ್‌ಯಾರಿಗೆ ಹೇಳಿದ್ಯೇ?”

“ಇನ್ನೂ ಯಾರಿಗೂ ಇಲ್ಲ.”

“ಹಾಗಾದ್ರೆ ಹೇಳಬೇಡ.” ಕುರ್ಚಿ ಎಳೆದು ಕೂತ. ಒಮ್ಮೆಲೇ ಮುದುಕನಂತೆ ಕಂಡ. “ಲೋರಿ, ನಂಗೆ ವಯಸ್ಸಾಯ್ತು. ಜೈಲಲ್ಲಿ ಬಿಸಿನೀರು ಬರತ್ತೆ. ಇಸ್ಪೀಟಿಗೆ ಜನ ಸಿಗ್ತಾರೆ. ಅರ್ಧ ಜನರನ್ನ ನಾನೇ ಒಳಗೆ ಹಾಕಿದ್ದು, ಪರಿಚಯದವರೇ. ಬ್ರೂನೋ ಕುಂಟ್ತಾನೆ, ಆದ್ರೆ ಬದುಕ್ತಾನೆ. ಜಡ್ಜು ಜಾಸ್ತಿ ಕೊಡಲ್ಲ.”

“ನೀನು ಯಾರನ್ನೋ ಮುಚ್ಚಿಡ್ತಿದ್ದೀಯ.”

“ಮೊಟ್ಟೆ ಎತ್ತು, ಕಾಲಿಗೆ ಸಿಗತ್ತೆ.”

“ಯಾರು ಅದು? ಪೊಲೀಸು ತಾನೇ? ನಾಲ್ಕಿಂಚು ಇದ್ದವನು. ಡಿಟೆಕ್ಟಿವ್ ಆಗಬೇಕು ಅಂತ ಒದ್ದಾಡಿ ಆಗದೇ ಹೋದವನು. ಇಲ್ಲದಿದ್ರೆ ಒಳ್ಳೇ ಬಂದೂಕನ್ನ ಯಾರು ಕೊಯ್ತಾರೆ? ಯಾರೂ ಕೊಡದ ಮೊಂಡುಮೂಗನ್ನ ತಾನೇ ಮಾಡ್ಕೊಂಡಿದ್ದಾನೆ. ಯಾವನು ಆ ಪುಣ್ಯಾತ್ಮ?”

“ಪುಣ್ಯಾತ್ಮನೇ,” ಎಂದ ಮಾಮ. ಧ್ವನಿ ಮೆತ್ತಗಿತ್ತು. “ನಗಬೇಡ ಅವನನ್ನ. ಭಾನುವಾರ ಚರ್ಚಿಗೆ ಹೋಗೋವಾಗ ಮಾತ್ರ ಹಾಕ್ಕೋತಿದ್ದ. ಕೋಟು ಎಡಗಡೆ ಸ್ವಲ್ಪ ಉಬ್ಬಬೇಕು ಅಂತ. ಅಷ್ಟೇ ಆಸೆ. ಯಾರಿಗೂ ತೋರಿಸಿದವನಲ್ಲ, ಒಂದು ಗುಂಡೂ ಹಾರಿಸಿದವನಲ್ಲ.”

“ಮತ್ತೆ ಗುರುವಾರ ಹಾರಿಸಿದ್ದು?”

ಮಾಮ ಕೂತಲ್ಲಿಂದಲೇ ಬಗ್ಗಿ, ಬಿದ್ದ ಮೊಟ್ಟೆ ಎತ್ತಿಕೊಂಡ.

ಆಗ ನಾನು ಮಾಡಿದ್ದನ್ನು ಪೊಲೀಸ್ ಪುಸ್ತಕದಲ್ಲಿ ಯಾವ ಹೆಸರಿನಿಂದ ಕರೆಯುತ್ತಾರೋ ತಿಳಿಯದು. ಬಾಗಿಲ ಹಿಂದಿನ ಮೊಳೆಗೆ ಅವನ ಬಂದೂಕಿನ ಚರ್ಮದ ಚೀಲ ನೇತಾಡುತ್ತಿತ್ತು. ಎರಡು ಹೆಜ್ಜೆಗೆ ಹೋಗಿ ರಿವಾಲ್ವರ್ ತೆಗೆದು ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಮಾಮ ಏಳಲಿಲ್ಲ. ನನ್ನ ಮೇಲೆ ಕೈ ಮಾಡುವ ಜೀವವಲ್ಲ ಅದು.

“ಲೋರಿ, ನಿಂಗೆ ಕೈ ಮುಗೀತೀನಿ. ಅದನ್ನ ಅಲ್ಲೇ ಇಡು.”

“ನಿನ್ನನ್ನ ಜೈಲಿಗೆ ಕಳಿಸಿ ಈಸ್ಟರ್ ಊಟ ನನ್ನ ಗಂಟಲಲ್ಲಿ ಇಳಿಯಲ್ಲ ಮಾಮ.”

“ಇಳಿಯಲ್ಲ ಅಂತಲೇ ಹೇಳ್ತಿರೋದು,” ಎಂದ ಅವನು.

ಆ ಮಾತು ನನಗೆ ಅರ್ಥವಾಗಲಿಲ್ಲ. ನಾನಾಗಲೇ ಮೆಟ್ಟಿಲಿಳಿಯುತ್ತಿದ್ದೆ.

*

ಚರ್ಚಿನ ಕೆಳಗಿನ ಸಭಾಂಗಣದಲ್ಲಿ ಉದ್ದುದ್ದ ಮೇಜುಗಳು, ಮೇಜಿನ ತುಂಬ ಬುಟ್ಟಿಗಳು. ಕಸೂತಿ ಬಟ್ಟೆಯ ಕೆಳಗಿನಿಂದ ಹೊಗೆಮಾಂಸ, ಹೊಸ ರೊಟ್ಟಿ, ಬೆಳ್ಳುಳ್ಳಿಯ ವಾಸನೆ. ಪ್ರತಿ ಬುಟ್ಟಿಯಿಂದಲೂ ಬೆಣ್ಣೆಯಲ್ಲಿ ಮಾಡಿದ ಕುರಿಮರಿಯೊಂದು ಮೆಣಸಿನಕಾಳಿನ ಕಣ್ಣು ಬಿಟ್ಟು ಇಣುಕುತ್ತಿತ್ತು. ಪಾದ್ರಿ ದೂರದ ತುದಿಯಿಂದ ಪವಿತ್ರ ನೀರು ಚಿಮುಕಿಸುತ್ತ ಬರುತ್ತಿದ್ದರು.

ಕ್ಯಾಪ್ಟನ್ ಕಾನರ್ಟಿ ಐರಿಷ್ ಮನುಷ್ಯ. ಪಾಪ, ಅವರೂ ಒಂದು ಬುಟ್ಟಿ ತಂದಿದ್ದರು, ಅಂಗಡಿಯದು. ಅಜ್ಜಿಯರ ಕೈಗೆ ಸಿಕ್ಕಿಬಿದ್ದಿದ್ದರು.

“ಏನಪ್ಪಾ ಕ್ಯಾಪ್ಟನ್, ನಿನ್ನ ಕುರಿಮರಿಗೆ ತಲೆ ಎಲ್ಲಿ?”

“ಕಾರಿನಲ್ಲಿ ಕರಗಿತು ಅಮ್ಮಾ.”

“ಇವನು ಕಳ್ಳರನ್ನ ಹಿಡೀತಾನಂತೆ!”

ನಾನು ಅವರನ್ನು ಕಂಬದ ಹಿಂದಕ್ಕೆ ಎಳೆದುಕೊಂಡು ಹೋಗಿ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಕೈಚೀಲದೊಳಗೇ ಮಾಮನ ರಿವಾಲ್ವರ್ ತೋರಿಸಿದೆ.

“ಎರಡಿಂಚು. ಮೂರರೊಳಗಿದ್ರೆ ಎಲ್ಲಾ ಮೊಂಡುಮೂಗೇ ಕಣಮ್ಮ,” ಎಂದರು ಕ್ಯಾಪ್ಟನ್. “ಹುಟ್ಟಿದ್ದೋ ಕೊಯ್ದದ್ದೋ, ವ್ಯತ್ಯಾಸ ಏನು?”

“ಅಳತೆಗೆ ಎರಡೂ ಒಂದೇ ಸರ್. ಸಾಕ್ಷಿಗೆ ಒಂದೇ ಅಲ್ಲ. ನೋಡಿ, ಏಣು ಇದೆ. ಬಾಯಿ ದುಂಡಗೆ ನಯವಾಗಿದೆ. ಬದಿಯಲ್ಲಿ ಕೊರೆದ ಹೆಸರು ಪೂರ್ತಿ ಇದೆ, ಚಿಕ್ಕ ಕೊಳವೆಗೆ ಅಂತಲೇ ಚಿಕ್ಕದಾಗಿ ಕೊರೆದಿದ್ದಾರೆ. ನಾಲ್ಕಿಂಚನ್ನ ಕೊಯ್ದಿದ್ರೆ ಏಣು ಹೋಗಿರತ್ತೆ, ಅಕ್ಷರ ನಡುವೆ ತುಂಡಾಗಿರತ್ತೆ, ಬಾಯಿ ಒರಟಾಗಿರತ್ತೆ. ಬಾಗಿಲಿನ ತೂತು ಅಂಥದ್ದರದ್ದು. ಹ್ಯಾರಿಯೆಟ್ ನೋಡಿದ್ದೂ ಅಂಥದ್ದೇ. ನಾವೆಲ್ಲ ‘ಮೋಟು’ ಅಂದ ಕೂಡಲೇ ಡಿಟೆಕ್ಟಿವ್ ಅಂದ್ಕೊಂಡ್ವಿ. ಅಲ್ಲೇ ತಪ್ಪಿದ್ವಿ.”

ಕ್ಯಾಪ್ಟನ್ ನನ್ನ ಹೆಗಲ ಮೇಲೆ ಕೈಯಿಟ್ಟರು.

“ನಿಮ್ಮಪ್ಪ ಎಡ್ಡಿ ಇದ್ದಿದ್ರೆ ಇವತ್ತು ಕುಣಿದಾಡಿಬಿಡ್ತಿದ್ದ. ಬದುಕಿಡೀ ಯೂನಿಫಾರ್ಮಲ್ಲೇ ಕಳೆದ, ಡಿಟೆಕ್ಟಿವ್ ಪರೀಕ್ಷೆ ದಿನ ಕೈ ನಡುಗೋದು ಪಾಪ. ಸರಿ, ಜಿಗ್ಗಿ ಬಿಡುಗಡೆ. ಕೊಯ್ದ ಬಂದೂಕು ಎಲ್ಲಿದೆಯೋ ಹುಡುಕು. ಅದು ಯಾರ ಕೈಲಿದ್ಯೋ ಅವರೇ ನಮ್ಮ ಆಳು.”

ನನ್ನ ಕಾಲು ನೆಲದ ಮೇಲಿರಲಿಲ್ಲ. ಈ ಸುದ್ದಿ ಮೊದಲು ಅಮ್ಮನಿಗೆ ಹೇಳಬೇಕು! ಅಮ್ಮ ನಡುವಿನ ಮೇಜಿನ ಹತ್ತಿರ ನಿಂತಿದ್ದಳು. ನನ್ನ ಭುಜಕ್ಕೂ ಬರದ ಸ್ಟೆಫಾನಿಯಾ ಡುಡೆಕ್, ತಲೆಗೆ ಹಳದಿ ಸ್ಕಾರ್ಫು. ಎರಡೂ ಕೈ ಬುಟ್ಟಿಯ ಬಟ್ಟೆಯ ಮೇಲೆ ಒತ್ತಿ ಹಿಡಿದಿದ್ದಳು, ಗಾಳಿಯೇ ಇಲ್ಲದ ಜಾಗದಲ್ಲಿ.

“ಅಮ್ಮಾ, ಜಿಗ್ಗಿ ಮಾಮ ಬಚಾವು!”

“ದೇವರು ದೊಡ್ಡವನು,” ಎಂದಳು. ಕೈ ತೆಗೆಯಲಿಲ್ಲ.

“ಬುಟ್ಟಿ ಓರೆಯಾಗಿದೆ ನೋಡು, ಬೀಳತ್ತೆ. ಏನು ತುಂಬಿದ್ದೀಯೇ ಇಷ್ಟು ಭಾರ?”

“ಮುಟ್ಟಬೇಡ. ಪಾದ್ರಿ ನೀರು ಹಾಕೋವರೆಗೆ ಮುಟ್ಟಬೇಡ ಲೋರಿ.”

ಅಷ್ಟರಲ್ಲಿ ನಾನು ಬಟ್ಟೆಯ ಮೂಲೆ ಎತ್ತಿಯಾಗಿತ್ತು.

ಮೊಟ್ಟೆ. ರೊಟ್ಟಿ. ಖಾರಮೂಲಂಗಿ ಚಟ್ನಿಯ ಪುಟ್ಟ ಭರಣಿ. ಬೆಣ್ಣೆಯ ಕುರಿಮರಿಯ ಪಕ್ಕದಲ್ಲಿ, ಅದಕ್ಕೆ ಒರಗಿಸಿ ಮಲಗಿಸಿದಂತೆ, ಒಂದು ರಿವಾಲ್ವರ್. ಮೂಗು ಮೋಟು. ಏಣಿಲ್ಲ. ತುದಿಯಲ್ಲಿ ಗರಗಸದ ಗೀರು ಬೆಳ್ಳಗೆ. ಕೊಳವೆಯ ಬದಿಯ ಕೊನೆಯ ಅಕ್ಷರ ನಡುವೆ ತುಂಡಾಗಿತ್ತು. ಹಿಡಿಯ ಸುತ್ತ ಹಾಕಿ ಆಟದ ಕೋಲಿಗೆ ಕಟ್ಟುವ ಕಪ್ಪು ಟೇಪು, ಎಡಗೈಯವರು ಸುತ್ತುವಂತೆ ಉಲ್ಟಾ ಸುತ್ತಿದ್ದು.

ಎಡಗೈಯವನಾಗಿದ್ದ ಅಪ್ಪನದು. ಅವನ ಅಂತ್ಯಕ್ರಿಯೆ ಮುಗಿದ ವಾರ “ಅಪ್ಪನ ನಾಲ್ಕಿಂಚು ಎಲ್ಲಮ್ಮಾ?” ಎಂದು ಕೇಳಿದ್ದೆ. “ಯಾರಿಗೋ ಕೊಟ್ಟೆ” ಎಂದಿದ್ದಳು.

“ಹೆದರಿಸೋಣ ಅಂತ ಹೋದೆ ಕಣೇ,” ಅಮ್ಮ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು. “ನಿಮ್ಮಪ್ಪನ ಕೋಟು ಹಾಕ್ಕೊಂಡು. ಕ್ಲಾರಾ ನನ್ನ ತಂಗಿ. ಸತ್ತವಳ ಕೈರುಚೀನ ಅವನು ಬಾಟಲಿಗೆ ಹಾಕಿ ಅವರಮ್ಮನ ಹೆಸರು ಅಂಟಿಸಿದ್ದಾನೆ. ನೆಲಕ್ಕೆ ಹಾರಿಸಿದ್ದೆ. ಅದು ನೆಲಕ್ಕೆ ಹೋಗಲಿಲ್ಲ. ಎರಡನೇದು ತಾನಾಗೇ ಹಾರಿತು. ಇದಕ್ಕೆ ಒಂದು ಹನಿ ನೀರು ಬೀಳಲಿ, ಆಮೇಲೆ ನಾನೇ ಪಾದ್ರಿ ಕೈಗೆ ಕೊಡ್ತೀನಿ ಅಂದ್ಕೊಂಡೆ.”

ಪಾದ್ರಿ ಪಕ್ಕದ ಮೇಜಿಗೆ ಬಂದಿದ್ದರು. ಅವರ ಹಿಂದೆಯೇ ಕ್ಯಾಪ್ಟನ್, ಮೂಗರಳಿಸುತ್ತ.

“ಸ್ಟೆಫಾನಿಯಾ, ಇದು ಕ್ಲಾರಾಳ ಚಟ್ನಿ ವಾಸನೆ ಅಲ್ವಾ? ಬಟ್ಟೆ ಸ್ವಲ್ಪ ಸರಿಸ್ತೀಯಾ, ಮೂಸಿಯಾದ್ರೂ ನೋಡ್ತೀನಿ.”

ಅವರ ಕೈ ಬುಟ್ಟಿಯ ಕಡೆಗೆ ಚಾಚಿತು.

“ಕಾನರ್ಟಿ!”

ಇಡೀ ಸಭಾಂಗಣ ತಿರುಗಿತು. ಬಾಗಿಲಲ್ಲಿ ಜಿಗ್ಗಿ ಮಾಮ, ಹೂಹೂವಿನ ಏಪ್ರನ್ನಿನಲ್ಲೇ ಓಡಿ ಬಂದಿದ್ದ. ಅಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ, ನನ್ನ ಬೆರಳ ಸಂದಿಯಲ್ಲಿದ್ದ ಬಟ್ಟೆಯ ಮೂಲೆ ನೋಡಿದ. ಎರಡೂ ಕೈ ಮುಂದೆ ಚಾಚಿಕೊಂಡು ನಡೆದು ಬಂದ.

“ನಾನೇ ಹಾರಿಸಿದ್ದು. ಎಲ್ಲರ ಎದುರಿಗೂ ಒಪ್ಕೋತೀನಿ. ಈ ಹುಡುಗಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ. ಅಳತೆ ತಪ್ಪಿದ್ದಾಳೆ. ಕರ್ಕೊಂಡು ಹೋಗು.”

ಕ್ಯಾಪ್ಟನ್ ಕೈ ಬುಟ್ಟಿಯ ಮೇಲೆಯೇ ನಿಂತಿತು. ನಿಧಾನವಾಗಿ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ.

“ಲೋರೆಟ್ಟಾ. ಐದು ನಿಮಿಷದ ಹಿಂದೆ ಇವನಲ್ಲ ಅಂತ ಆಣೆ ಮಾಡಿದವಳು ನೀನು. ಈಗ ಇವನು ನಾನೇ ಅಂತಿದ್ದಾನೆ. ಎಲ್ಲಾ ನಿನ್ನ ಮಾತಿನ ಮೇಲೆ ನಿಂತಿದೆ. ಹೇಳು, ನಿನ್ನ ಅಳತೆ ಸರೀನಾ, ತಪ್ಪಾ?”

ಪವಿತ್ರ ನೀರಿನ ಮೊದಲ ಹನಿ ನನ್ನ ಮುಂಗೈ ಮೇಲೆ ಬಿತ್ತು. ಬಟ್ಟೆಯ ಮೂಲೆ ಇನ್ನೂ ನನ್ನ ಬೆರಳಲ್ಲೇ ಇತ್ತು.

ಸರಿ ಎಂದರೆ ಅಮ್ಮ ಜೈಲಿಗೆ. ತಪ್ಪು ಎಂದರೆ ಮಾಮ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?